ಊಟದ ಹಾಜರಿ

"ಇವತ್ತೊಂದಿನ ಇಕಿನ್ನ ನಿನ್ನ ಹತ್ರನ ಇಟ್ಕೋ, ಶಟ್ಟೆವ್ವಾ," ಎಂದರು ಹೆಡ್‌ಮಾಸ್ತರ ವಿರೂಪಾಕ್ಷ. ಶಾಲೆಯ ಅಡುಗೆಮನೆಯ ಹೊಸ್ತಿಲಾಚೆ ನಿಂತು, ಶಿವಾನಿಯ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಒಳಕ್ಕೆ ನೂಕಿದರು. "ಬಳ್ಳೊಳ್ಳಿ ಸುಲೀಲಿ, ಆಟಾ ಆಡ್ಲಿ. ಪರೀಕ್ಷಾ ಮುಗಿದ ಮ್ಯಾಲ ಬೇಕಾದ್ರ ಕ್ಲಾಸಿಗೆ ಬರ್ಲಿ."

ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕಳಿಸಿದವಳು ಶಟ್ಟೆವ್ವನೇ. ಹುಡುಗಿಯ ಕೈಯಲ್ಲಿದ್ದ ಹೊಸ ಪೆನ್ನು ನೇಸರಗಿ ಸಂತೆಯದು. ಅಕ್ಕಿ ಹಸನು ಮಾಡುತ್ತಿದ್ದ ಶಟ್ಟೆವ್ವ ಮೊರವನ್ನು ಕೆಳಗಿಟ್ಟಳು.

"ಯಾಕ್ರಿ ಸರ? ಮೂರನೇತ್ತೆ ಹುಡುಗರೆಲ್ಲಾ ಬರೀಬೇಕಂತ ನೀವ ಹೇಳಿದ್ರೆಲ್ಲಾ?"

ವಿರೂಪಾಕ್ಷರು ದನಿ ತಗ್ಗಿಸಿದರು. "ಇಕಿ ಓದೂದ ನಿನಗ ಗೊತ್ತೈತಿ. ಒಂದೊಂದ ಅಕ್ಷರಕ್ಕ ಬಟ್ಟ ಹಚ್ಚಿ, ಬಾಯಿ ಬಿಟ್ಟ ಓದ್ತಾಳ. ನಾಕ ಪ್ರಶ್ನಿ ಮುಗಿಯೂದ್ರಾಗ ಹೊತ್ತ ಮುಳಗತೈತಿ. ಹೋದ ಸಲ ನಮ್ಮ ಸಾಲಿ ಕಟ್ಟಕಡೀಗೆ ಬಂತು. ತಾಲೂಕ ಮೀಟಿಂಗಿನ್ಯಾಗ ಎಲ್ಲಾರ ಮುಂದ ನನ್ನ ಎಬ್ಬಿಸಿ ನಿಲ್ಲಿಸಿದ್ರು. ಅಲ್ಲಿ ನಿಂತಾಂವ ನಾ, ನೀ ಅಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮೂರನೇ ತರಗತಿಯ ಮಕ್ಕಳು ಎಷ್ಟು ಕಲಿತಿದ್ದಾರೆಂದು ಸರ್ಕಾರ ನಡೆಸುವ ಸಮೀಕ್ಷೆ ಅದು. ಪ್ರಶ್ನೆಪತ್ರಿಕೆ ಮೊಹರಾಗಿ ಬರುತ್ತದೆ, ಬರೆಸಲು ಹೊರಗಿನವರು ಬರುತ್ತಾರೆ, ಬರೆದ ಮಕ್ಕಳ ಅಂಕಗಳ ಸರಾಸರಿಯೇ ಶಾಲೆಯ ಹೆಸರಿನ ಮುಂದೆ ಕೂರುತ್ತದೆ. ಅಂಥ ದಿನ ಹಿಂದುಳಿದ ಮಕ್ಕಳಿಗೆ ಜ್ವರ ಬರುವುದು, ಅವರು ಸೋದರಮಾವನ ಊರಿಗೆ ಹೋಗುವುದು ಈ ಶಾಲೆಗೆ ಹೊಸದಲ್ಲ. ಚೆನ್ನಾಗಿ ಓದುವವರಿಗೆ ಆ ದಿನ ನೆಗಡಿಯೂ ಆಗುವುದಿಲ್ಲ.

ಮಾತು ಮುಗಿಯಿತೆಂಬಂತೆ ಅವರು ಸೀಮೆಸುಣ್ಣ ತೆಗೆದು, ಅಡುಗೆಮನೆಯ ಬಾಗಿಲ ಪಕ್ಕದ ಹಲಗೆಯ ಮೇಲೆ ಅರವತ್ತೆರಡು ಎಂದು ಬರೆದರು. ದಿನವೂ ಹಾಗೆಯೇ. ಹಲಗೆಯ ಮೇಲೆ ಎಷ್ಟೋ ಅಷ್ಟು ತಾಟು, ಅಷ್ಟು ಅಕ್ಕಿ.

"ಇದ್ರಾಗ ಶಿವಾನಿ ಅದಾಳೇನ್ರಿ?"

"ಅದಾಳ, ಅದಾಳ. ಊಟದ ಹಾಜರಿ ಹಾಕೇನಿ. ಹುಡುಗಿ ಹೊಟ್ಟಿಗೆ ನಾ ಕಮ್ಮಿ ಮಾಡಂಗಿಲ್ಲವಾ."

"ಉಣ್ಣಾಕ ಬಂದಾಳ, ಬರಿಯಾಕ ಬಂದಿಲ್ಲ?"

"ಹಂಗ ತಿಳ್ಕೋ," ಎಂದು ನಕ್ಕು ಹೋದರು.

ಶಟ್ಟೆವ್ವ ಹಲಗೆಯನ್ನೇ ನೋಡುತ್ತ ನಿಂತಳು. ಹೋದ ವರ್ಷ ಮಗ ಬಸಲಿಂಗಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗಿದ್ದ. ದಸರಾದಿಂದ ಹೋಳಿಯವರೆಗೆ ಶಿವಾನಿ ಗದ್ದೆಯಂಚಿನ ಗುಡಿಸಲಿನಲ್ಲಿ ತಮ್ಮನನ್ನು ಆಡಿಸುತ್ತಿದ್ದಳು. ಈ ವರ್ಷ ಶಟ್ಟೆವ್ವ ಅವರು ಹೊರಟ ಟ್ರ್ಯಾಕ್ಟರಿನ ಮುಂದೆಯೇ ನಿಂತುಬಿಟ್ಟಳು. ಹುಡುಗಿಯನ್ನು ಇಳಿಸುವವರೆಗೆ ಕದಲಲಿಲ್ಲ. ನಿನ್ನೆ ಫೋನಿನಲ್ಲಿ ಶಿವಾನಿ ಅಪ್ಪನಿಗೆ ದೊಡ್ಡ ಪರೀಕ್ಷೆಯ ಸುದ್ದಿ ಹೇಳಿದ್ದಳು. ಫೋನು ಅಜ್ಜಿಯ ಕೈಗೆ ಬಂದಾಗ ಬಸಲಿಂಗಪ್ಪ, "ಕುಂದ್ರಸ್ತಾರೇನ ಇಕಿನ್ನ? ಹಿಂದಿನ ಬೆಂಚಿನ್ಯಾಗ ಸುಮ್ನ ಕುಂತ ಬರೂದಾದ್ರ ಸಂಕ್ರಾಂತಿಗೆ ಬಂದಾಗ ಕರ್ಕೊಂಡ ಹೋಗ್ತೇನಬೇ. ಕೂಸಿನ್ನ ನೋಡವ್ರ ಇಲ್ಲಿಲ್ಲ," ಎಂದಿದ್ದ.

ಶಿವಾನಿ ಪೆನ್ನನ್ನು ಜಡೆಗೆ ಸಿಕ್ಕಿಸಿ, ಮೂಲೆಯಲ್ಲಿ ಕುಳಿತು, ಬೆಳ್ಳುಳ್ಳಿ ಸುಲಿಯತೊಡಗಿದಳು.

ಶಟ್ಟೆವ್ವ ಸಿಲಿಂಡರಿನ ಕಿವಿ ತಿರುವಿದಳು. ಎಸರಿನ ಕೆಳಗಿನ ಉರಿ ಆರಿತು.

"ಅಯ್ಯ, ಏನ ಮಾಡಿದಿ ಯಕ್ಕಾ?" ಜೊತೆಗೆ ಅಡುಗೆ ಮಾಡುವ ದೇವಕ್ಕ ಗಾಬರಿಯಾದಳು. "ಸುಮ್ನಿರ. ಒಂದ ದಿನದ ಮಾತ. ನಾಳೆ ಕಮಿಟಿಯವ್ರಿಗೆ ಹೇಳಿ ನಿನ್ನ ಬಿಡಿಸಿ ಬ್ಯಾರೆಯವ್ರನ್ನ ಹಚ್ಚತಾರ ನೋಡ."

"ಹಚ್ಚಲಿ. ಬಂದಾಕೀಗೆ ಕುಕ್ಕರಿನ ಸೀಟಿ ಸಡ್ಲಾಗೇತಂತ ಹೇಳ," ಎಂದು ಶಟ್ಟೆವ್ವ ಕೈ ತೊಳೆದು, ಮೊಮ್ಮಗಳ ರಟ್ಟೆ ಹಿಡಿದು ಹೊರಟಳು.

ನೇಸರಗಿ ಬಸ್ಸಿಗೆ ಬಂದಿಳಿದ ಮೇಲ್ವಿಚಾರಕಿ ಮೇಡಂ ತರಗತಿಯ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದರು. ವಿರೂಪಾಕ್ಷರು ಪಡಸಾಲೆಯ ಮೆಟ್ಟಿಲಲ್ಲೇ ಅಡ್ಡ ಬಂದರು.

"ಅಡಿಗಿ ನೋಡ ಹೋಗ, ಶಟ್ಟೆವ್ವಾ."

"ಒಲಿ ಆರ್ಸೇನ್ರಿ."

"ಸಿಲಿಂಡರ ಮುಗೀತೇನ?"

"ತುಂಬೇತಿ. ನೀವ ಹಲಗಿ ಮ್ಯಾಲ ಬರದ ಲೆಕ್ಕ ತಪ್ಪೇತಿ. ಇಕಿನ್ನ ಅಲ್ಲಿಂದರೆ ಅಳಸ್ರಿ, ಇಲ್ಲಾ ಇಲ್ಲೆರೆ ಕುಂದ್ರಸ್ರಿ. ಅಲ್ಲೀತನಕಾ ನಾ ಅಕ್ಕಿ ಹಾಕಂಗಿಲ್ಲ."

"ಮೇಡಮ್ಮರ ಮುಂದ ಮರ್ಯಾದಿ ಕಳೀಬ್ಯಾಡ," ಹಲ್ಲು ಕಚ್ಚಿ ಹೇಳಿದರು. "ನಿನ್ನ ಕೆಲಸ ಏನಾಕ್ಕೇತಿ, ವಿಚಾರ ಮಾಡಿಯೇನ?"

"ವಿಚಾರ ಮಾಡೇ ಗ್ಯಾಸ್ ಬಂದ್ ಮಾಡೇನ್ರಿ."

ಕೊನೆಯ ಮಾತು ಸ್ವಲ್ಪ ಜೋರಾಗಿಯೇ ಬಂತು. ಮೇಡಂ ಚಹಾದ ಲೋಟ ಹಿಡಿದೇ ಇತ್ತ ಬಂದರು. "ಏನ್ರಿ ಸರ? ಈ ಹುಡುಗಿ ಎಷ್ಟನೇತ್ತೆ?"



"ಮೂರನೇತ್ತೆರಿ," ಎಂದಳು ಶಿವಾನಿ, ಜಡೆಯಿಂದ ಪೆನ್ನು ಕಿತ್ತುಕೊಳ್ಳುತ್ತ.

"ಮತ್ತ ಹೊರಗ್ಯಾಕ ನಿಂತಿ? ಬಾ." ಮೇಡಂ ಒಳಗೆ ಹೋಗಿ ಮುಂದಿನ ಬೆಂಚಿನ ಮೇಲಿದ್ದ ತಮ್ಮ ಬ್ಯಾಗನ್ನು ಎತ್ತಿದರು.

ಶಟ್ಟೆವ್ವ ಮರಳಿ ಬಂದು ಒಲೆ ಹೊತ್ತಿಸಿದಳು. ಅಕ್ಕಿ ಬಿತ್ತು, ಬೇಳೆ ಬೆಂದಿತು. ಆ ಹೊತ್ತಿಗೆ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಪತ್ರಿಕೆ ಕೊಟ್ಟು ಹೊರಬಂದು, ಉಳಿದವರ ಜೊತೆ ತಾಟು ಹಿಡಿದು ಸಾಲಿನಲ್ಲಿ ನಿಂತರು. ಶಿವಾನಿ ಬರಲಿಲ್ಲ. ವಿರೂಪಾಕ್ಷರು ಪರೀಕ್ಷೆ ಮುಗಿಸುವ ಗಂಟೆ ಬಾರಿಸಲು ಕಬ್ಬಿಣದ ತುಂಡನ್ನು ಕೈಗೆತ್ತಿಕೊಂಡರು.

"ಇನ್ನ ಹೊತ್ತಾಗಿಲ್ರಿ ಸರ," ಎಂದಳು ಶಟ್ಟೆವ್ವ, ಸವಟು ಹಿಡಿದ ಕೈಯನ್ನು ಸೊಂಟಕ್ಕೆ ಕೊಟ್ಟು.

ಅವರು ಕೈಗಡಿಯಾರ ನೋಡಿದರು, ಅವಳನ್ನು ನೋಡಿದರು. ಕಬ್ಬಿಣದ ತುಂಡು ಕೆಳಗಿಳಿಯಿತು. "ಅಲ್ಲೀತನಕಾ ಇವ್ರಿಗರೆ ಬಡಸ. ಹಸದಾವ."

"ಬಡಸ್ತೇನ್ರಿ." ಸಾಲಿನವರಿಗೆಲ್ಲ ಅನ್ನ, ಸಾರು ಬಿತ್ತು. ಕಡೆಗೆ ಒಂದು ತಾಟನ್ನು ತೊಳೆದು, ಒರೆಸಿ, ಬೋರಲು ಹಾಕಿಟ್ಟಳು.

ಆಗ ಅದು ಕೇಳಿಸಿತು. ತರಗತಿಯ ಕಿಟಕಿಯಿಂದ, ಒಂದೊಂದೇ ಅಕ್ಷರ ಹಿಡಿದು, ನಿಂತು, ಮತ್ತೆ ಮೊದಲಿಂದ ಕೂಡಿಸಿಕೊಂಡು ಓದುವ ಸಣ್ಣ ದನಿ. "ಕೆ... ರೆ... ಯ... ಕೆರೆಯ... ದಂ... ಡೆ..." ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ದೇವಕ್ಕ ಅತ್ತ ಕಣ್ಣು ಕೆಕ್ಕರಿಸಿದಳು; ನಗು ನಿಂತಿತು.

ಒಲೆಯ ಮೇಲೆ ಉಳಿದ ಸಾರು ಮತ್ತೆ ಕುದಿಯುತ್ತಿತ್ತು. ಮುಚ್ಚಳ ಟಕಟಕ ಸದ್ದು ಮಾಡತೊಡಗಿತು. ಶಟ್ಟೆವ್ವ ಸೆರಗಿನ ಚುಂಗನ್ನು ಅಂಗೈಗೆ ಸುತ್ತಿಕೊಂಡು, ಮುಚ್ಚಳವನ್ನು ಒತ್ತಿ ಹಿಡಿದು, ಕಿಟಕಿಯ ಕಡೆ ತಲೆ ವಾಲಿಸಿದಳು.