ಸೆನ್ಸೆ ಸರಿಪಡಿಸಿದ ಹೂ

ಹೂ ಜೋಡಿಸುವುದಕ್ಕೆ ಕೈ ಪಳಗಿದರೆ ಸಾಲದು, ಮನಸ್ಸು ತಿಳಿಯಾಗಿರಬೇಕು ಎಂದು ಒರಿಹಾಶಿ ಸೆನ್ಸೆ ಪ್ರತಿ ಪಾಠದಲ್ಲೂ ಹೇಳುತ್ತಿದ್ದರು. ಜಪಾನಿನ ಕನಜಾವಾದಲ್ಲಿ ನಮ್ಮ ಹೂಜೋಡಣೆಯ ಪಂಥಕ್ಕೆ ಅವರೇ ಗುರು, ಗಟ್ಟಿ ಮುದುಕಿ. ನಾವು ಜೋಡಿಸಿದ್ದನ್ನು ಅವರು ಕಿತ್ತು, ಕತ್ತರಿಸಿ, ಸರಿಪಡಿಸುತ್ತಾರೆ. ನಾವು ಬಗ್ಗಿ ನಮಸ್ಕರಿಸಿ, ಫೋನಿನಲ್ಲಿ ಫೋಟೊ ತೆಗೆದುಕೊಂಡು, ಅದೇ ಹೂಗಳನ್ನು ಮನೆಗೊಯ್ದು ಅವರು ಇಟ್ಟ ಹಾಗೆಯೇ ದಿನವೂ ಇಡಬೇಕು. ಸಾಧನೆಯೆಂದರೆ ಇಷ್ಟೇ.

ಇದನ್ನು ಚಿಜುರುವಿನಷ್ಟು ಶ್ರದ್ಧೆಯಿಂದ ಮಾಡಿದವರು ನಮ್ಮಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಅನ್ನಕ್ಕಿಡುವ ಮೊದಲೇ ಕತ್ತರಿ ಹಿಡಿಯುತ್ತಿದ್ದಳು; ಗಂಡ ತೀರಿಕೊಂಡ ಮರುದಿನವೂ ಹಿಡಿದಳಂತೆ. ಅವಳಿಗೆ ಬೇಕಿದ್ದದ್ದು ಸ್ವಂತ ತರಗತಿ ನಡೆಸಲು ಸೆನ್ಸೆ ಕೊಡುವ ಮರದ ಫಲಕ. ಮನೆಯ ಮುಂದಿನ ಕೋಣೆಗೆ ಹೊಸ ಚಾಪೆ ಹಾಸಿಸಿ, ತರಗತಿ ಶುರುವಾಗುತ್ತದೆಂದು ಕೇರಿಗೆಲ್ಲ ಸಾರಿಬಿಟ್ಟಿದ್ದಳು. ಆದರೆ ಪ್ರತಿವರ್ಷ ಸೆನ್ಸೆಯದು ಒಂದೇ ರಾಗ: "ಮನಸ್ಸು ಇನ್ನೂ ಪಕ್ವ ಆಗಿಲ್ಲ ಕಣಮ್ಮಾ. ಫಲಕದ ಆಸೆ ಹೂವಲ್ಲೇ ಕಾಣ್ತಿದೆ."

ಈ ಸಲದ ಪರೀಕ್ಷೆಗೆ ಚಿಜುರು ಪೈನ್ ಕೊಂಬೆಯ ಜೊತೆ ಬಿಳಿ ಸೇವಂತಿಗೆ ಇಟ್ಟಳು. ಸೆನ್ಸೆ ಎದುರಿಗೆ ಬಂದು ಕುಳಿತು ಮೂಗು ಮುರಿದರು.

"ಥೂ, ಎಂಥಾ ಜಂಬ! ನೋಡ್ರೇ ಈ ಕೊಂಬೆ. 'ನನ್ನ ನೋಡಿ, ನನ್ನ ನೋಡಿ' ಅಂತ ಸಂತೇಲಿ ಕೂಗ್ದಂಗಿದೆ," ಎಂದು ಕಚಕ್ಕನೆ ಕತ್ತರಿಸಿದರು.

ನಾವು ನಕ್ಕೆವು. ಸೆನ್ಸೆ ಹಂಗಿಸಿದಾಗ ನಗುವುದು ನಮ್ಮಲ್ಲಿ ಮರ್ಯಾದೆ. ಚಿಜುರು ಮಾತ್ರ ಫೋನ್ ತೆಗೆದು ಚಾಪೆಯ ಮೇಲಿಟ್ಟಳು.

"ಇದು ಹೋದ ವಾರ ನೀವೇ ಸರಿಪಡಿಸಿದ್ದು ಸೆನ್ಸೆ. ಕೊಂಬೆ ನೀವು ಬಗ್ಸಿದ್ದೇ, ಹೂವೂ ನೀವಿಟ್ಟಲ್ಲೇ ಇವೆ. ನೋಡಿ ಬೇಕಾದ್ರೆ."

ಸೆನ್ಸೆ ಈಗಷ್ಟೇ ಕತ್ತರಿಸಿದ್ದೊಂದು ಬಿಟ್ಟರೆ ಫೋಟೊಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮುದುಕಿ ಸಿಕ್ಕಿಬಿದ್ದಳು ಎಂದು ಒಳಗೊಳಗೇ ನನಗೆ ಹಬ್ಬ. ಸೆನ್ಸೆ ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು.

"ಹೌದಲ್ಲ, ನಂದೇ," ಎಂದರು. "ಹಾಗಾದ್ರೆ ನಿಂದೆಲ್ಲಿ?"

ಸೆನ್ಸೆ ಹೂವಿನ ಬುಟ್ಟಿಯನ್ನು ಚಿಜುರುವಿನತ್ತ ತಳ್ಳಿದರು.

"ಇಷ್ಟು ವರ್ಷ ದಿನಾ ಕೂತು ಕಲ್ತಿದ್ದು ಇದೇನಾ? ಬುಟ್ಟಿ ತುಂಬಾ ಹೂವಿದೆ, ತಗೋ. ನಿಂದು ಅನ್ನೋದೊಂದು ಇಟ್ಟು ತೋರ್ಸು. ಫಲಕ ಇವತ್ತೇ ಕೊಡ್ತೀನಿ."

ಚಿಜುರು ಹೊಸ ಕೊಂಬೆ ಎತ್ತಿಕೊಂಡಳು. ಅವಳ ಕೈ ತಾನಾಗಿಯೇ ಅದನ್ನು ಎಡಕ್ಕೆ ಬಗ್ಗಿಸಿತು, ಸೆನ್ಸೆ ಬಗ್ಗಿಸುವ ಹಾಗೆ. ಬೆಚ್ಚಿ ಬಲಕ್ಕೆ ತಿರುಗಿಸಿದಳು. ಅದೂ ಸೆನ್ಸೆಯದೇ, ಬೇಸಿಗೆಯ ಪಾಠದ್ದು. ಹೂ ಚುಚ್ಚಿದಳು, ಕಿತ್ತಳು, ಮತ್ತೆ ಚುಚ್ಚಿದಳು. ದಳಗಳು ಉದುರಿ ಅವಳ ಮಡಿಲೆಲ್ಲ ಬಿಳಿಯಾಯಿತು. ಈಗ ಯಾರೂ ನಗಲಿಲ್ಲ. ನನಗಂತೂ ಆ ಮುದುಕಿಯ ಕತ್ತು ಹಿಸುಕಬೇಕೆನ್ನಿಸಿತು. ಸೆನ್ಸೆ ಚಹಾ ತರಿಸಿಕೊಂಡು, ಆರಿಸಿಕೊಂಡು ಕುಡಿಯುತ್ತಾ ಕಾದರು.

ಕೊನೆಗೆ ಚಿಜುರು ಕತ್ತರಿ ಕೆಳಗಿಟ್ಟು, ಹಣೆ ಚಾಪೆಗೆ ತಾಗುವಂತೆ ಬಗ್ಗಿದಳು.

"ನೀವೇ ಸರಿಪಡಿಸಿ ಕೊಡಿ ಸೆನ್ಸೆ," ಎಂದಳು.