ಬಿರಡೆ ಹಾಕಿದ ಬಾಯಿ

ನಾನು ಒಂದು ಬ್ಯಾಗ್‌ಪೈಪ್. ಐರ್ಲೆಂಡಿನ ಬ್ಯಾಲಿಕೀರನ್ ಎಂಬ ಸಣ್ಣ ಊರಿನ ಬ್ಯಾಂಡಿನವನು. ನಿಮ್ಮಲ್ಲಿ ಓಲಗ ಊದುವವನ ಪಕ್ಕದಲ್ಲಿ ಶ್ರುತಿ ಹಿಡಿಯಲು ಇನ್ನೊಬ್ಬ ಇರುತ್ತಾನಲ್ಲ, ನನಗೆ ಆ ಹಂಗಿಲ್ಲ. ಹೆಗಲಿಗೆ ಒರಗುವ ನನ್ನ ಮೂರು ಕೊಳವೆಗಳೇ ಶ್ರುತಿ, ಕೆಳಗೆ ಬೆರಳಾಡುವ ಕೊಳಲೇ ರಾಗ, ನಡುವೆ ಕಂಕುಳಲ್ಲಿ ಕುರಿಚರ್ಮದ ಚೀಲ. ಉಸಿರು ತುಂಬಿ ಚೀಲ ಒತ್ತಿದರೆ ಇಡೀ ಬೀದಿಯಲ್ಲಿ ನನ್ನದೇ ಕಾರುಬಾರು. ಜಂಬ ಅನ್ನಿಸಿದರೆ ಅನ್ನಿಸಲಿ, ಒಂದು ಕಾಲಕ್ಕೆ ಜಂಬಪಡುವಂತೆಯೇ ಬದುಕಿದ್ದೆ.

ನನ್ನ ಮೈ ಆಫ್ರಿಕಾದ ಕರಿಮರದ್ದು. ಅದು ಹಡಗು ಹತ್ತಿ ಬಂದು ಬೆಲ್‌ಫಾಸ್ಟಿನ ಒಂದು ಗಲ್ಲಿಯಲ್ಲಿ ಕೆಮ್ಮುತ್ತಲೇ ಕೆಲಸ ಮಾಡುವ ಒಬ್ಬ ಮುದುಕನ ಕೈಗೆ ಸಿಕ್ಕಿತು. ಅವನು ನನ್ನನ್ನು ಕೊರೆದು, ತೀಡಿ, ಜೊಂಡಿನ ನಾಲಿಗೆ ಇಟ್ಟು ಮೊದಲ ಸಲ ಊದಿದಾಗ ನಾನು ಹೊರಡಿಸಿದ್ದು ಸಂಗೀತವಲ್ಲ, ಅರಚಾಟ. ಅವನು ಮಾತ್ರ ಹೆತ್ತ ತಾಯಿಯಷ್ಟು ಸಂತೋಷಪಟ್ಟ.

ಬ್ಯಾಲಿಕೀರನ್ನಿನ ನಾರುಬಟ್ಟೆ ಗಿರಣಿಯ ಕೆಲಸಗಾರರು ಆಗ ತಾನೇ ಬ್ಯಾಂಡು ಕಟ್ಟಿದ್ದರು. ನಾನು ಅಲ್ಲಿ ಡಿನ್ನಿ ಮಕಾರ್ಟನ್ ಎಂಬ ರೊಟ್ಟಿ ಸುಡುವವನ ಕಂಕುಳು ಸೇರಿದೆ. ಒಲೆ ಊದಿ ಪಳಗಿದ ಎದೆ ಅವನದು. ಚರ್ಮ ಒಣಗದಿರಲಿ ಎಂದು ನನ್ನ ಚೀಲದೊಳಗೆ ಜೇನುತುಪ್ಪವನ್ನೂ ವಿಸ್ಕಿಯನ್ನೂ ಕಲಸಿ ಸುರಿಯುತ್ತಿದ್ದ. ನನಗೆ ಎಷ್ಟು ಸುರಿದನೋ ತನಗೂ ಅಷ್ಟೇ ಸುರಿದುಕೊಳ್ಳುತ್ತಿದ್ದ.

ಆಮೇಲೆ ಜಗಳ ಬಂತು. ಬ್ಯಾಂಡಿನ ಗಂಡಸರು ಉಡುವ ನೆರಿಗೆಯ ಕಿಲ್ಟು ಕೇಸರಿ ಬಣ್ಣದ್ದಿರಬೇಕೋ ಹಸಿರಿನದೋ ಎಂದು ಶುರುವಾದ ಮಾತು ಕೈ ಕೈ ಮಿಲಾಯಿಸುವವರೆಗೆ ಹೋಗಿ, ಊರಿಗೆ ಎರಡು ಬ್ಯಾಂಡುಗಳಾದವು. ಡಿನ್ನಿ ಕೇಸರಿ, ಅವನ ಹೆಂಡತಿಯ ತಮ್ಮ ಹಸಿರು. ಹಬ್ಬದ ದಿನ ಎರಡೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ಬಂದು ಬೇರೆ ಬೇರೆ ಹಾಡು ಬಾರಿಸುತ್ತಿದ್ದವು. ಭಾವಮೈದುನರು ಪಕ್ಕದಲ್ಲೇ ಹಾದುಹೋದರೂ ಮುಖ ನೋಡುತ್ತಿರಲಿಲ್ಲ. ಮುಂದೆ ಗಿರಣಿ ಮುಚ್ಚಿತು, ಎರಡೂ ಕಡೆ ಜನ ಕರಗಿದರು. ಉಳಿದವರು ನಾಚಿಕೆ ಬಿಟ್ಟು ಮತ್ತೆ ಒಂದಾದರು. ಆ ಹೊತ್ತಿಗೆ ಡಿನ್ನಿ ಇರಲಿಲ್ಲ. ವಾದ್ಯ ಬ್ಯಾಂಡಿನ ಸೊತ್ತು, ಊದುವವನದಲ್ಲ ಎಂಬುದು ನಮ್ಮಲ್ಲಿಯ ಕಟ್ಟಳೆ. ಹಾಗಾಗಿ ನಾನು ಫೀಲಿಕ್ಸ್ ಟೋನರ್ ಕೈಗೆ ಬಂದೆ.

ಫೀಲಿಕ್ಸ್ ಅಂಚೆ ಹಂಚುವವನು. ಹೆಂಡತಿ ಮಕ್ಕಳಿಲ್ಲದ ಅವನಿಗೆ ನಾನೇ ಸಂಸಾರ. ಊರಿನಲ್ಲಿ ಇವತ್ತು ಯಾರು ಪೈಪು ಊದಿದರೂ ಅದು ಅವನು ಕಲಿಸಿದ್ದು. ಅವರಲ್ಲಿ ಊನಾ ಲಾವೆರಿ ಎಂಬ ಚುರುಕು ಹುಡುಗಿಯೂ ಇದ್ದಳು. ಬ್ಯಾಂಡಿಗೆ ಹೆಣ್ಣುಮಕ್ಕಳು ಸಲ್ಲದು ಎಂದು ಕಮಿಟಿಯ ಹಿರಿಯರು ತಲೆ ಅಲ್ಲಾಡಿಸಿದಾಗ ಫೀಲಿಕ್ಸ್ ನನ್ನನ್ನು ಮೇಜಿನ ಮೇಲೆ ಇಟ್ಟು, "ಅವಳು ಒಳಗೆ ಬರೋದಿಲ್ಲ ಅಂದ್ರೆ ನಾನು ಹೊರಗೆ ಹೋಗ್ತೀನಿ" ಎಂದ. ಹಿರಿಯರು ಅವಳ ಹೆಸರು ಬರೆದುಕೊಂಡರು. ಅವತ್ತು ಅವನ ಬಗ್ಗೆ ನನಗಾದ ಹೆಮ್ಮೆಯನ್ನು ಹೇಳಲಾರೆ.

ಊನಾ ಬೆಳೆದು ಪೈಪ್ ಮೇಜರ್ ಆದಳು, ಅಂದರೆ ಬ್ಯಾಂಡನ್ನು ನಡೆಸುವವಳು. ಫೀಲಿಕ್ಸ್‌ಗೆ ವಯಸ್ಸಾಯಿತು. ಕೀಲುಗಳು ಬಿಗಿದು, ಅವನ ಬೆರಳು ಕೆಲವು ಕಡೆ ಒಂದು ಎಳೆಯಷ್ಟು ಹಿಂದೆ ಬೀಳತೊಡಗಿತು. ಎಲ್ಲರಿಗೂ ಗೊತ್ತಿತ್ತು, ಅವನಿಗೆ ಹೇಳುವವರು ಇರಲಿಲ್ಲ. ಅವನ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ಬ್ಯಾಲಿಕೀರನ್ ಒಮ್ಮೆಯೂ ಗೆಲ್ಲದ ದೊಡ್ಡ ಸ್ಪರ್ಧೆಯ ಗೆಲುವಿನ ಕಪ್ ಊರಿಗೆ ಬರಬೇಕು, ಅದರಲ್ಲಿ ತನ್ನ ಸ್ವರವೂ ಇರಬೇಕು.

ಸ್ಪರ್ಧೆಯಲ್ಲಿ ಇಷ್ಟು ಪೈಪುಗಳು ಇರಲೇಬೇಕೆಂಬ ನಿಯಮವಿದೆ. ಆ ವರ್ಷ ನಮ್ಮಲ್ಲಿ ಸರಿಯಾಗಿ ಅಷ್ಟೇ ಇದ್ದೆವು. ಫೀಲಿಕ್ಸ್‌ನನ್ನು ಬಿಟ್ಟರೆ ಬ್ಯಾಂಡು ಮೈದಾನಕ್ಕೇ ಇಳಿಯುವಂತಿಲ್ಲ. ಇಳಿಸಿದರೆ ಆ ತಡವರಿಸುವ ಬೆರಳು. ಸ್ಪರ್ಧೆಯ ದಿನ ಶ್ರುತಿ ಕೂಡಿಸಿ ಆದ ಮೇಲೆ ಅವನು ಚಹಾ ಕುಡಿಯಲು ಹೋದಾಗ ಊನಾ ನನ್ನನ್ನು ಎತ್ತಿಕೊಂಡು ಬಸ್ಸಿನ ಮರೆಗೆ ಹೋದಳು. ಇನ್ನೊಮ್ಮೆ ಶ್ರುತಿ ನೋಡುತ್ತಾಳೆ ಎಂದುಕೊಂಡೆ. ಅವಳು ಜೇಬಿನಿಂದ ಸಣ್ಣ ಬಿರಡೆಗಳನ್ನು ತೆಗೆದು ನನ್ನ ಮೂರು ಕೊಳವೆಗಳಿಗೂ ಕೊಳಲಿನ ಗಂಟಲಿಗೂ ಒತ್ತಿ ತುರುಕಿದಳು. ನನ್ನ ಮೇಲೆಯೇ ಸ್ವರ ಕಲಿತ ಕೈ ಅದು. ಕೆಲಸ ಅಚ್ಚುಕಟ್ಟಾಗಿ ಮುಗಿಸಿತು.

ಸಾಲು ಹೊರಡುವ ಹೊತ್ತಿಗೆ ನನ್ನನ್ನು ಅವನ ಕೈಗಿಟ್ಟಳು. ಡೋಲು ಗುಡುಗಿತು. ಫೀಲಿಕ್ಸ್ ಚೀಲಕ್ಕೆ ಗುದ್ದಿದ. ಸುತ್ತಲಿನವರೆಲ್ಲ ಮೊಳಗಿದರು, ನಾನು ಮಾತ್ರ ಇಲ್ಲ. ತುಂಬಿದ ಉಸಿರು ಹೊರಗೆ ಹೋಗದೆ ಚೀಲ ಕಲ್ಲಿನಂತಾಯಿತು. ಅವನಿಗೆ ಆ ಕ್ಷಣವೇ ಅರ್ಥವಾಯಿತು. ತಲೆಯೆತ್ತಿ ಊನಾಳನ್ನು ನೋಡಿದ. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಒಬ್ಬ ನಿಂತರೂ ಬ್ಯಾಂಡು ಸೋಲುತ್ತದೆ. ಅವನು ನಿಲ್ಲಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಹೆಜ್ಜೆ ತಪ್ಪದೆ, ಸತ್ತ ಕೊಳಲಿನ ಮೇಲೆ ಇಡೀ ಹಾಡು ನುಡಿಸಿದ. ಕಪ್ ನಮ್ಮದಾಯಿತು. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಅವರ ತಲೆಗಳ ಮೇಲೆ ಅವನು ನನ್ನ ಬಿಗಿದ ಚೀಲವನ್ನು ಕಂಕುಳಲ್ಲೇ ಹಿಡಿದು ಕುಳಿತಿದ್ದ.

ಎಲ್ಲರೂ ಬಸ್ಸು ಹತ್ತಿದ ಮೇಲೆ ಊನಾ ಅಳುತ್ತಾ ಬಂದಳು. "ನಿಮಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ, ಮಿಸ್ಟರ್ ಟೋನರ್" ಎಂದಳು.

"ಕೇಳಿದ್ದಿದ್ರೆ ಬಿರಡೆ ನಾನೇ ತಂದು ಕೊಡ್ತಿದ್ದೆ, ಮಗಳೇ."

ಅವಳು ಬಿರಡೆ ತೆಗೆಯಲು ಕೈ ಚಾಚಿದಳು. ಅವನು ಬಿಡಲಿಲ್ಲ. "ಇರ್ಲಿ. ಗೆದ್ದದ್ದು ಹೀಗೆ ತಾನೆ" ಎಂದು, ಬ್ಯಾಂಡಿನ ಸೊತ್ತನ್ನು ಬ್ಯಾಂಡಿಗೆ ಒಪ್ಪಿಸುವಂತೆ, ನನ್ನನ್ನು ಅವಳ ಮಡಿಲಿಗೆ ಹಾಕಿ ನಡೆದುಬಿಟ್ಟ. ಮತ್ತೆ ಯಾವ ಪೈಪನ್ನೂ ಮುಟ್ಟಲಿಲ್ಲ. ಅವಳ ಮೇಲೆ ಅವನಿಗಿದ್ದ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿದ್ದು ಯಾರ ಬಾಯಿ? ಒಮ್ಮೆ ಅವಳು ಮುಚ್ಚಿದಳು, ಇನ್ನೊಮ್ಮೆ ಅವನು ಹಾಗೆಯೇ ಬಿಟ್ಟುಹೋದ. ಅವನು ಬಿಟ್ಟುಹೋದದ್ದೇ ನನಗೆ ಹೆಚ್ಚು ಉರಿಯುತ್ತದೆ.

ಈಗ ನಾನು ಬ್ಯಾಂಡಿನ ಹಾಲ್‌ನಲ್ಲಿ, ಆ ಕಪ್‌ನ ಪಕ್ಕ, ಗಾಜಿನ ಪೆಟ್ಟಿಗೆಯೊಳಗಿದ್ದೇನೆ. ಫೀಲಿಕ್ಸ್ ತೀರಿಕೊಂಡು ಕೆಲವು ವರ್ಷಗಳಾದವು. ಗೆಲುವಿನ ಪೈಪು ಎಂದು ನನ್ನನ್ನು ತೋರಿಸುತ್ತಾರೆ. ಊನಾ ಮಾತ್ರ ಈ ಕಡೆ ನೋಡದೆ ದಾಟುತ್ತಾಳೆ. ಅವಳಿಗೆ ಹೇಳಬೇಕಾದದ್ದು ಒಂದಿದೆ. ಅವತ್ತು ಅವನ ಬೆರಳುಗಳು ನನ್ನ ಮೈಮೇಲೆ ಇದ್ದವು, ಹಾಗಾಗಿ ಅದು ಗೊತ್ತಿರುವುದು ನನಗೊಬ್ಬನಿಗೇ. ಮೊದಲಿನಿಂದ ಕೊನೆಯವರೆಗೆ ಅವು ಎಲ್ಲಿಯೂ ಹಿಂದೆ ಬೀಳಲಿಲ್ಲ.