ಆಚೆ ದಡದ ಸಿಗ್ನಲ್

ಗಂಡನ ಫೋನು ಕಿಟಕಿಯ ಹಲಗೆಯ ಮೇಲೆ ಚಾರ್ಜಿಗೆ ಬಿದ್ದಿತ್ತು. ಹಿಟ್ಟಿನ ತಟ್ಟೆ ಇಡಲು ಜಾಗ ಬೇಕಾಗಿ ಇತಿಮಾದ್ ಅದನ್ನು ಸರಿಸಿದಳು. ಪರದೆ ಬೆಳಗಿತು. ಸ್ಪೇನ್‌ಗೆ ಸುಸ್ವಾಗತ, ನಿಮ್ಮ ಪ್ರವಾಸ ಸುಖಕರವಾಗಿರಲಿ ಎಂದು ಕಂಪನಿಯ ಸಂದೇಶ. ಅದರ ಕೆಳಗೆ ನಿಮಿಷಕ್ಕೆ ಇಷ್ಟೆಂದು ಅಲ್ಲಿನ ಕರೆಯ ದರ. ಬಂದದ್ದು ನಿನ್ನೆ ಮಧ್ಯಾಹ್ನ. ನಿನ್ನೆ ಮಧ್ಯಾಹ್ನ ಗಂಡ ಅಯ್ಯಾಶಿ ಬಲೆಯ ಹಗ್ಗ ತರಲು ತೆತುವಾನ್ ಪೇಟೆಗೆ ಹೋಗಿದ್ದ. ಹಾಗೆಂದು ಅವನೇ ಹೇಳಿದ್ದ.

ಹಿತ್ತಲಲ್ಲಿ ಅವನು ಕೈಕಾಲು ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ಅವಳು ಫೋನನ್ನು ಮೊದಲಿದ್ದ ಹಾಗೆಯೇ ಇಟ್ಟಳು.

ಅವಳು ಒಳನಾಡಿನ ವಜ್ಜಾನ್ ಗುಡ್ಡಗಳ ಕಡೆಯ ಹೆಣ್ಣು. ಸ್ಪೇನಿಗೆ ಎದುರಾದ, ಜಲಸಂಧಿಯ ಈ ದಂಡೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇಲ್ಲಿ ಹೋಗುವ ಗಂಡಸು ಹೇಳಿ ಹೋಗುವುದಿಲ್ಲ ಎಂಬುದನ್ನು ಮಾತ್ರ ಬೇಗ ಕಲಿತಿದ್ದಳು. ಪಕ್ಕದ ಮನೆಯ ತಾಮುವಿನ ಗಂಡ ಪುದೀನ ತರುತ್ತೇನೆಂದು ಹೊರಟವನು ಎರಡು ದಿನದ ಮೇಲೆ ಆಚೆ ದಡದಿಂದ ಫೋನು ಮಾಡಿದ್ದ.

ಊಟಕ್ಕೆ ಕೂತಾಗ ಹಗ್ಗ ಸಿಕ್ಕಿತೇ ಎಂದು ಕೇಳಿದಳು. ಅಂಗಡಿ ಮುಚ್ಚಿತ್ತು ಎಂದ. ಹೇಳುವಾಗ ಬಿಸ್ಸಾರದ, ಆ ಗಟ್ಟಿ ಬೇಳೆ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುವ ಸದ್ದು ಮಾತ್ರ ಇತ್ತು, ಅದೂ ಅವಳಿಗೆ ಏನನ್ನೋ ಮುಚ್ಚಿಡುವ ಸದ್ದಿನಂತೆ ಕೇಳಿಸಿತು.

ಮರುದಿನ ಸಕ್ಕರೆಯ ನೆವ ಮಾಡಿಕೊಂಡು ರಹಿಮುವಿನ ಅಂಗಡಿಗೆ ಹೋದಳು. ಊರಿಗೆಲ್ಲ ದಿನಸಿ, ರೀಚಾರ್ಜು ಎರಡನ್ನೂ ಮಾರುವ ಹಿರಿಯ ಹೆಂಗಸು ಆಕೆ, ಕಿರಿಯರಿಗೆಲ್ಲ ಗೌರವದ ‘ಲಲ್ಲಾ’. ಯಾರದೋ ಫೋನಿಗೆ ಹೀಗೊಂದು ಸಂದೇಶ ಬಂದಿದೆಯಂತೆ, ಅವರು ಆಚೆಗೆ ಹೋಗಿ ಬಂದಿದ್ದಾರೆಂದೇ ಅರ್ಥವೇ ಎಂದು ಕೇಳಿದಳು. ಯಾರದು ಎಂದು ರಹಿಮು ಕೇಳಲಿಲ್ಲ.

“ಫೋನಿಗೆ ಕಣ್ಣಿಲ್ಲ ಮಗಳೇ. ಯಾವ ಟವರು ಜೋರಾಗಿ ಕರೆಯುತ್ತೋ ಅದರ ಸೆರಗು ಹಿಡ್ಕೊಳ್ಳುತ್ತೆ. ಭೂಶಿರದ ತುದಿಗೆ ಹೋದ್ರೆ ನಮ್ಮ ಟವರು ಗುಡ್ಡದ ಮರೆಗೆ ಬೀಳುತ್ತೆ, ಅವರದು ಕಣ್ಣೆದುರಿಗೇ ಇದೆ. ಕಾಲು ಇಲ್ಲೇ ಇರುತ್ತೆ, ಬಿಲ್ಲು ಮಾತ್ರ ಅಲ್ಲಿಯದು. ರೋಮಿಂಗ್ ಅಂದ್ರೆ ಅಷ್ಟೇ.”

ಇತಿಮಾದ್‌ಗೆ ಉಸಿರು ಬಂದಂತಾಯಿತು. ಹಾಗಾದರೆ ಅವನು ಸಮುದ್ರ ದಾಟಿಲ್ಲ. ಆದರೆ ತೆತುವಾನ್ ಇರುವುದು ಒಂದು ದಿಕ್ಕಿಗೆ, ಭೂಶಿರ ಇನ್ನೊಂದು ದಿಕ್ಕಿಗೆ. ಬಂದ ಉಸಿರು ಅಲ್ಲೇ ನಿಂತಿತು.

“ಲಲ್ಲಾ ರಹಿಮು, ಪರದೆ ಮೇಲೆ ಸಿಗ್ನಲಿನ ಗೆರೆ ಎರಡು ಸಾಲು ಇದ್ರೆ? ಒಂದು ಸಾಲು ಮನೇಲಿ ಯಾವಾಗಲೂ ಸತ್ತೇ ಇರುತ್ತೆ.”

ರಹಿಮು ಸಕ್ಕರೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೂಗಿದಳು.

“ಒಳಗೆ ಎರಡು ಕಾರ್ಡಿದೆ. ಸತ್ತಿರೋದು ಸ್ಪೇನಿನ ನಂಬರು. ಆ ತುದೀಲಿ ಕೂತು ಅದರಲ್ಲಿ ಅಲ್ಲಿಯವರಿಗೆ ಮಾತಾಡಿದ್ರೆ ಊರೊಳಗೇ ಮಾತಾಡಿದ ಲೆಕ್ಕ, ಪ್ಲಾನಿನೊಳಗೇ ಮುಗಿಯುತ್ತೆ. ಅಣ್ಣತಮ್ಮಂದಿರು ಅಲ್ಲಿರೋರೆಲ್ಲ ಹಾಗೇ ಮಾಡೋದು. ನಿನ್ನ ಗಂಡನೂ ನನ್ನ ಹತ್ರ ರೀಚಾರ್ಜಿಗೆ ಬಂದು ಎಷ್ಟೋ ದಿನ ಆಯ್ತು. ನಾನೇನೂ ಮುನಿಸ್ಕೊಂಡಿಲ್ಲ ಅಂತ ಹೇಳು.”

ಅಯ್ಯಾಶಿಗೆ ಆಚೆ ದಡದಲ್ಲಿ ಅಣ್ಣನಿಲ್ಲ, ತಮ್ಮನಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಸಕ್ಕರೆಯ ಪೊಟ್ಟಣವನ್ನು ನೋಡಿದರು.

ಆಮೇಲಿನ ದಿನಗಳಲ್ಲಿ ಅವಳ ಕಿವಿ ಅವನ ಸುತ್ತಲೇ ಇತ್ತು. ಹೆಣ್ಣಿರಬೇಕು ಎಂದುಕೊಂಡಳು. ಅಲ್ಲ, ಕದ್ದು ಆಚೆ ದಾಟಿಸುವ ದೋಣಿಯವರ ಜೊತೆ ಮಾತು ನಡೆಸುತ್ತಿರಬೇಕು ಎಂದುಕೊಂಡಳು. ಎರಡರಲ್ಲಿ ಯಾವುದಾದರೆ ತಾನು ತಡೆದುಕೊಂಡೇನು ಎಂದು ತೂಗಿ ನೋಡುವಷ್ಟರ ಮಟ್ಟಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಅವನು ದೋಣಿಗೆ ಡಾಂಬರು ಬಳಿಯಬೇಕೆಂದು ಎದ್ದ. ಹೋಗಿ ಬಾ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕುರಿಗಳ ದಾರಿ ಹಿಡಿದು ತಾನೂ ಹೊರಟಳು.

ಭೂಶಿರದ ತುದಿಯ ಬಂಡೆಗಳ ಮೇಲೆ ಕೆಲವು ಗಂಡಸರು ದೂರ ದೂರ ಕೂತಿದ್ದರು, ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸದಷ್ಟು ದೂರ. ಊರವರು ಆ ಜಾಗಕ್ಕೆ ಕಾನ್ಸುಲೇಟ್ ಎನ್ನುತ್ತಿದ್ದರು. ವೀಸಾ ಕೇಳದ ಕಾನ್ಸುಲೇಟ್. ಅಯ್ಯಾಶಿ ಕೊನೆಯ ಬಂಡೆಯ ಮೇಲೆ, ಫೋನನ್ನು ಮಂಡಿಯ ಮೇಲಿಟ್ಟುಕೊಂಡು ಆಚೆ ದಡ ನೋಡುತ್ತಿದ್ದ.

“ತೆತುವಾನ್ ಇಷ್ಟು ಹತ್ರ ಬಂತಾ?” ಎಂದಳು.

ಅವನು ಬೆಚ್ಚಲಿಲ್ಲ. ಸರಿದು ಜಾಗ ಮಾಡಿದ. ಅವಳು ಕೂರಲಿಲ್ಲ.

“ಯಾರವಳು?”

“ಅವಳಲ್ಲ. ಬಾಸಿಲಿಯೊ ಅಂತ, ಉಯೆಲ್ವಾ ಕಡೆ ಸ್ಟ್ರಾಬೆರಿ ತೋಟದ ಮೇಸ್ತ್ರಿ. ಈಗಾಗಲೇ ಅಲ್ಲಿಗೆ ಬಂದಿರೋರಿಗೆ ಮಾತ್ರ ಕೆಲಸ ಅಂತಾನೆ. ಇಲ್ಲಿಯ ನಂಬರು ಕಂಡ್ರೆ ಎತ್ತೋದೇ ಇಲ್ಲ. ಈ ಸ್ಪೇನಿನ ನಂಬರು ನೋಡಿ ನಾನು ಅಲ್ಲೇ ಇದೀನಿ ಅಂತ ನಂಬಿದಾನೆ.”

“ನೀನೇನು ಹೇಳಿದೀಯ ಅವನಿಗೆ?”

“ಆಚೆ ದಡದ ಆಲ್ಹೆಸಿರಾಸ್‌ನಲ್ಲಿ ಒಂದು ರೂಮಿದೆ ಅಂತ.” ಫೋನಿನ ಪರದೆಯನ್ನು ಅಂಗೈಯಿಂದ ಒರೆಸುತ್ತ ಅಂದ, “ಒಬ್ಬನೇ ಇದೀನಿ ಅಂತ.”

ಆ ಕೊನೆಯ ಮಾತನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ತಾನು ಹುಡುಕಿಕೊಂಡು ಬಂದ ಇನ್ನೊಬ್ಬ ಹೆಂಗಸು ಇಲ್ಲಿರಲಿಲ್ಲ. ಆ ಮಾತಿನಲ್ಲಿ ತಾನೂ ಇರಲಿಲ್ಲ. ಅವನ ದೇಹ ಇನ್ನೂ ಮನೆಯಲ್ಲಿ ಉಣ್ಣುತ್ತಿದ್ದಾಗಲೇ ಮಾತು ದಡ ದಾಟಿ ರೂಮು ಹಿಡಿದಿತ್ತು.

ಫೋನು ಗುಂಯ್‌ಗುಟ್ಟಿತು. ಉದ್ದನೆಯ ಪರದೇಶದ ನಂಬರು.

“ಎತ್ತು,” ಎಂದಳು. “ನಾನು ನಿಂತಿರೋವಾಗಲೇ ಹೇಳು, ಎಲ್ಲಿದೀಯ ಅಂತ.”

ಅವನ ಹೆಬ್ಬೆರಳು ಪರದೆಯ ಮೇಲೆ ಬಂದು ನಿಂತಿತು. ಗುಂಯ್‌ಗುಟ್ಟುವುದು ಮುಂದುವರಿದು ತಾನಾಗಿಯೇ ನಿಂತುಹೋಯಿತು. ಹತ್ತಿರದ ಬಂಡೆಯವನು ಇತ್ತ ನೋಡಿ ಮುಖ ತಿರುಗಿಸಿಕೊಂಡ.

ಸುಳ್ಳು ಹೇಳಲಾಗದೆ ಸುಮ್ಮನಾದನೋ, ಹೆಂಗಸಿನ ದನಿ ಮೇಸ್ತ್ರಿಗೆ ಕೇಳಿಸೀತೆಂದು ಸುಮ್ಮನಾದನೋ, ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಕೇಳಿದರೆ ಉತ್ತರ ಬರುತ್ತದೆ, ಅದನ್ನೂ ನಂಬಬೇಕಾಗುತ್ತದೆ.

ಅಯ್ಯಾಶಿ ಫೋನಿನ ಬೆನ್ನು ಬಿಚ್ಚಿ ಆಚೆ ದಡದ ಕಾರ್ಡನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

“ನಿನ್ನ ಹತ್ರಾನೇ ಇಟ್ಕೋ,” ಎಂದಳು ಇತಿಮಾದ್. “ಇದನ್ನ ಕಿತ್ಕೊಂಡ್ರೆ ಇನ್ನೊಂದು ತರ್ತೀಯ. ಅದನ್ನ ನಾನು ಎಲ್ಲಿ ಅಂತ ಹುಡುಕಲಿ?”

ಅವನು ಅಂಗೈ ಮುಚ್ಚಿದ. ಮನೆಗೆ ಹೋಗೋಣ ಬಾ ಎಂದು ದಾರಿ ಬಿಟ್ಟು ನಿಂತ. ನೀನೇ ಮುಂದೆ ನಡಿ ಎಂದಳು. ಅವನು ಇಳಿಯತೊಡಗಿದ. ಅವನ ಬೆನ್ನು ಮರೆಯಾಗದಷ್ಟು ಅಂತರ ಇಟ್ಟುಕೊಂಡು ಅವಳೂ ಇಳಿದಳು.